ಎರಡು ಸೀಟುಗಳ ನಡುವೆ

ಕಾರನ್ನು ಚರ್ಚಿನ ಹಿಂದೆ, ಬರ್ಚ್ ಮರಗಳ ಮರೆಯಲ್ಲಿ ನಿಲ್ಲಿಸಿ ಬಂದಾಗಿನಿಂದ ಯೋಸ್ತನಿಗೆ ಕಾಫಿ ರುಚಿಸಿರಲಿಲ್ಲ. ಅದೇನು ಕದ್ದ ಮಾಲಲ್ಲ. ಪಕ್ಕದ ಊರಿನ ಮೇಷ್ಟ್ರೊಬ್ಬರು ಹತ್ತು ವರ್ಷ ಜೋಪಾನವಾಗಿ ಓಡಿಸಿದ ಬಿಳಿ ಕಾರು. ನಿನ್ನೆ ಕೈ ಕುಲುಕಿ, ಕಾಗದಕ್ಕೆ ರುಜು ಹಾಕಿ ತಂದದ್ದು. ಆದರೆ ಅದು ಗೋಥೆನ್‌ಬರ್ಗಿನ ಕಾರು, ಎದುರಾಳಿ ಕಾರ್ಖಾನೆಯದು. ಟ್ರೋಲ್‌ಹೆಟ್ಟನ್‌ನಲ್ಲಿ ಹುಟ್ಟಿ, ಟ್ರೋಲ್‌ಹೆಟ್ಟನ್‌ನ ಸಾಬ್ ಕಾರಿನ ಕಾರ್ಖಾನೆಯಲ್ಲಿ ಕೂದಲು ನರೆಸಿಕೊಂಡ ಒಬ್ಬ ಮನುಷ್ಯ ಗೋಥೆನ್‌ಬರ್ಗಿನ ಕಾರನ್ನು ಹಾಡಹಗಲು ಮನೆ ಮುಂದೆ ನಿಲ್ಲಿಸುವುದೆಂದರೆ ಹೇಗೆ? ಹಿಂದೊಮ್ಮೆ ಅವರ ಬೀದಿಯ ದಂತವೈದ್ಯ ಅಂಥದೊಂದನ್ನು ತಂದಾಗ ಅದರ ಗಾಜಿನ ಮೇಲೆ ಬಿದ್ದಿದ್ದ ಹಿಮದಲ್ಲಿ ‘ದಾರಿ ತಪ್ಪಿತೇ?’ ಎಂದು ಬೆರಳಿನಿಂದ ಬರೆದವನು ಕಾರ್ಖಾನೆಯ ಜೊತೆಗಾರ ತೌನೋ, ಪಕ್ಕದಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕವನು ಯೋಸ್ತ. ದಂತವೈದ್ಯ ಪಾಪ, ಗಾಜು ಒರೆಸಿಕೊಂಡು ಹೋಗಿದ್ದ. ಆ ಮನುಷ್ಯನ ಬೆನ್ನು ಇವತ್ತು ಬೆಳಿಗ್ಗೆಯಿಂದ ಸುಮ್ಮಸುಮ್ಮನೆ ನೆನಪಿಗೆ ಬರುತ್ತಿತ್ತು. ಕಾರ್ಖಾನೆ ಮುಚ್ಚಿ ಎರಡು ವರ್ಷವಾಗುತ್ತ ಬಂತು, ಈಗ ಯಾರಿಗೆ ಯಾರ ಹಂಗು ಎಂದು ತನಗೆ ತಾನೇ ಹೇಳಿಕೊಂಡ. ಮುಚ್ಚಿದ ಮೇಲೇ ಹಂಗು ಹೆಚ್ಚಾಗಿದೆ ಎಂಬುದೂ ಅವನಿಗೆ ಗೊತ್ತಿತ್ತು. ಇದ್ದಾಗ ಕಾರ್ಖಾನೆಯನ್ನು ಎಲ್ಲರೂ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಈಗ ಸತ್ತವರ ಬಗ್ಗೆ ಮಾತಾಡುವ ಹಾಗೆ ದನಿ ತಗ್ಗಿಸಿ ಮಾತಾಡುತ್ತಾರೆ.

ಎದುರಿಗೆ ಹೆಂಡತಿ ಮಾಯ್ಕೆನ್ ತನ್ನ ಎಡಗೈಯನ್ನು ಬಲಗೈಯಿಂದ ಎತ್ತಿ ಮೇಜಿನ ಮೇಲೆ, ಬನ್ನಿನ ತಟ್ಟೆಯ ಪಕ್ಕ ಇಟ್ಟುಕೊಂಡಳು. ಏಪ್ರಿಲ್‌ನಲ್ಲಿ, ಕಿಟಕಿಯ ಗಿಡಗಳಿಗೆ ನೀರು ಹಾಕುತ್ತಿದ್ದಾಗ, ಅವಳ ಎಡಭಾಗ ಹಾಗೇ ಕುಸಿದಿತ್ತು. ಕಾಲು ನಿಧಾನಕ್ಕೆ ಮರಳಿತು, ಮಾತು ಹೋಗಲೇ ಇಲ್ಲ, ನಾಲಿಗೆಯಂತೂ ಮೊದಲಿಗಿಂತ ಚುರುಕಾಯಿತು. ಕೈ ಮಾತ್ರ ಬರಲಿಲ್ಲ. ಅದನ್ನು ಅವಳು ನೆಂಟ ಎಂದು ಕರೆಯುತ್ತಿದ್ದಳು: ನೆಂಟ ಬಂದು ಕೂತಿದ್ದಾನೆ, ಹೊರಡುವುದೂ ಇಲ್ಲ, ಒಂದು ಹುಲ್ಲುಕಡ್ಡಿ ಎತ್ತಿ ಆಚೆ ಇಡುವುದೂ ಇಲ್ಲ. ಇವತ್ತು ಮಧ್ಯಾಹ್ನ ಆಸ್ಪತ್ರೆಯಲ್ಲಿ ಆ ನೆಂಟನ ಪರೀಕ್ಷೆ. ವ್ಯಾಯಾಮ ಮಾಡಿಸುವ ಶಿಲಾನ್ ಎಂಬ ಹುಡುಗಿ ಕಳೆದ ಸಲವೇ ಹೇಳಿದ್ದಳು, ಈ ಸಲವೂ ಏನೂ ಕಾಣದಿದ್ದರೆ ಕೈಯ ವ್ಯಾಯಾಮ ನಿಲ್ಲಿಸಿ ಒಂದೇ ಕೈಯಲ್ಲಿ ಬದುಕುವುದನ್ನು ಕಲಿಸಲು ಶುರುಮಾಡುತ್ತೇವೆ ಎಂದು. ಬಹಳ ಮೃದುವಾಗಿ ಹೇಳಿದ್ದಳು. ಆ ಮೃದುತನಕ್ಕೇ ಯೋಸ್ತ ಹೆದರಿದ್ದ. ಕಾರ್ಖಾನೆಯಲ್ಲೂ ಮೇಲಿನವರು ಮೃದುವಾಗಿ ಮಾತಾಡಲು ಶುರುಮಾಡಿದ ದಿನದಿಂದಲೇ ಅಲ್ಲವೇ ಎಲ್ಲ ಮುಗಿಯುತ್ತ ಬಂದದ್ದು? “ನಾವು ಹೇಳಿದ್ದಕ್ಕೆ ಕೈ ಏಳಲ್ಲ, ಯೋಸ್ತ. ಅದಕ್ಕೇ ಏನಾದ್ರೂ ಬೇಕು ಅನ್ನಿಸಬೇಕು” ಎಂದಿದ್ದಳು ಹುಡುಗಿ. ಅಂದಿನಿಂದ ಅವನು ಆ ಕೈಯ ಮುಂದೆ ಏನೇನೆಲ್ಲ ಇಟ್ಟು ನೋಡಿದ್ದ. ಉಣ್ಣೆಯ ಉಂಡೆ, ಚಮಚ, ದಾಲ್ಚಿನ್ನಿ ಬನ್ನು, ಮೊಮ್ಮಗಳ ಫೋಟೋ. ದೇವರ ಮುಂದೆ ನೈವೇದ್ಯ ಇಟ್ಟ ಹಾಗೆ ಇಟ್ಟು ಕಾಯುತ್ತಿದ್ದ. ಮಾಯ್ಕೆನ್ ತಾನೂ ಕಾಯುತ್ತಿದ್ದಳು, ಬೇರೆ ಯಾರದೋ ಕೈಯನ್ನು ನೋಡುವ ಹಾಗೆ. ಕೊನೆಗೆ ಬನ್ನನ್ನು ಅವನೇ ತಿನ್ನುತ್ತಿದ್ದ.

ಹೊಸ ಕಾರು ಕೊಳ್ಳಲು ಕಾರಣವೂ ಆಸ್ಪತ್ರೆಯೇ. ಅವರ ಹಳೆಯ ಸಾಬ್ ತಗ್ಗು. ಒಳಗೆ ಕೂತರೆ ತೊಟ್ಟಿಲಲ್ಲಿ ಮಲಗಿದ ಹಾಗೆ ಎಂದು ಹಿಂದೆಲ್ಲ ಹೊಗಳುತ್ತಿದ್ದ ಸೀಟು. ಕಳೆದ ಸಲ ಆಸ್ಪತ್ರೆಯ ಬಾಗಿಲಲ್ಲಿ ಅವಳನ್ನು ಆ ತೊಟ್ಟಿಲಿನಿಂದ ಎಬ್ಬಿಸಲು ಹೋಗಿ ಅವನ ಸೊಂಟ ಹಿಡಿದುಕೊಂಡಿತ್ತು. ಅರ್ಧ ಎದ್ದವಳು ಅಲ್ಲೇ ನಿಂತುಬಿಟ್ಟಳು, ಒಳಗೂ ಅಲ್ಲ ಹೊರಗೂ ಅಲ್ಲ. ಇಬ್ಬರು ಅಪರಿಚಿತರು ಓಡಿಬಂದು ಕಂಕುಳಿಗೆ ಕೈಹಾಕಿ ಎತ್ತಿದರು. ಒಂದು ಶೂ ಕಳಚಿ ಬಿತ್ತು, ಲಂಗ ಮೊಣಕಾಲಿನ ಮೇಲೆ ಹೋಯಿತು. ಮಾಯ್ಕೆನ್ ಆ ಇಬ್ಬರಿಗೂ ಕ್ಷಮಿಸಿ, ಕ್ಷಮಿಸಿ ಎನ್ನುತ್ತಿದ್ದಳು. ಯೋಸ್ತ ಶೂ ಹೆಕ್ಕಿಕೊಂಡು ನೆಲ ನೋಡುತ್ತ ನಿಂತಿದ್ದ. ಆ ಸೀಟುಗಳನ್ನು ಹೊಲಿದವಳೇ ಅವಳು. ಸೀಟು ಹೊಲಿಯುವ ವಿಭಾಗದಲ್ಲಿ ದಪ್ಪ ಸೂಜಿಯ ಮಿಷನ್ನಿನ ಮುಂದೆ ಎಷ್ಟೋ ವರ್ಷ ಕೂತಿದ್ದ ಹೆಂಗಸು ತಾನೇ ಹೊಲಿದ ಸೀಟಿನಿಂದ ಏಳಲಾರದೆ ಪರರಿಗೆ ಕ್ಷಮೆ ಕೇಳುವುದನ್ನು ಅವನು ಇನ್ನೊಮ್ಮೆ ನೋಡಲಾರ. ಎತ್ತರದ ಕಾರು ಬೇಕು, ಅಷ್ಟೆ, ಸಿಕ್ಕಿದ್ದು ಇದು. ಹಳೆಯದನ್ನು ಒಯ್ಯಲು ತೌನೋಗೆ ಹೇಳಿದ್ದಾಗಿದೆ. ಅವನ ಅಂಗಳದಲ್ಲಿ ಈಗಾಗಲೇ ಮೂರು ಹಳೆಯ ಸಾಬ್‌ಗಳಿವೆ. ಬಿಡಿಭಾಗ ಸಿಗದ ಕಾಲದಲ್ಲಿ ಒಂದರ ಕರುಳನ್ನು ಇನ್ನೊಂದಕ್ಕೆ ಹಾಕಿ ಬದುಕಿಸುತ್ತಾನೆ. ಇಷ್ಟನ್ನೂ ಮಾಯ್ಕೆನ್‌ಗೆ ಹೇಳಿರಲಿಲ್ಲ. ಹೇಳುವುದಕ್ಕೇನು? ಪ್ರತಿ ಸಲ ಬಾಯಿ ತೆರೆದಾಗಲೂ ಎರಡು ಸೀಟುಗಳ ನಡುವಿನ ಆ ಕೀ ನೆನಪಾಗಿ ಬಾಯಿ ಮುಚ್ಚಿಹೋಗುತ್ತಿತ್ತು.

ಲೋಕದ ಕಾರುಗಳಿಗೆಲ್ಲ ಕೀ ಇರುವುದು ಸ್ಟೀರಿಂಗ್ ಪಕ್ಕ. ಸಾಬ್‌ಗೆ ಮಾತ್ರ ಕೆಳಗೆ, ಎರಡು ಸೀಟುಗಳ ನಡುವೆ, ಗೇರಿನ ಹಿಂದೆ. ಅಪಘಾತವಾದರೆ ಮೊಣಕಾಲಿಗೆ ಚುಚ್ಚಬಾರದೆಂದು ಹಾಗೆ ಮಾಡಿದ್ದಂತೆ. ವಿಮಾನ ಕಟ್ಟುತ್ತಿದ್ದವರು ಯುದ್ಧ ಮುಗಿದು ಕೈ ಖಾಲಿಯಾದಾಗ ಕಾರು ಕಟ್ಟಲು ಹೊರಟವರು. ಅವರಲ್ಲಿ ಅರ್ಧದಷ್ಟು ಮಂದಿಗೆ ಡ್ರೈವಿಂಗ್ ಲೈಸೆನ್ಸೇ ಇರಲಿಲ್ಲ ಎಂದು ಊರಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಯೋಸ್ತನ ಅಪ್ಪನ ಕಾಲದ ಕಾರು ವಿಮಾನದ ರೆಕ್ಕೆಯಂತೆ ಬೆನ್ನು ಬಾಗಿಸಿಕೊಂಡಿತ್ತು, ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಯುತ್ತಿತ್ತು, ಬಾಣಲೆಯಲ್ಲಿ ಜೋಳ ಸಿಡಿದ ಹಾಗೆ ಸದ್ದು ಮಾಡುತ್ತ ನೀಲಿ ಹೊಗೆ ಬಿಡುತ್ತಿತ್ತು. ಅದನ್ನು ಕಂಡು ನಕ್ಕವರೇ ಆಮೇಲೆ ಅದು ಹಿಮದ ರಸ್ತೆಯ ಪಂದ್ಯಗಳಲ್ಲಿ ಎಲ್ಲರನ್ನೂ ಹಿಂದೆ ಹಾಕುವುದನ್ನು ಬೇಲಿಯಾಚೆ ನಿಂತು ನೋಡಿದರು. ಆಮೇಲೆ ಟರ್ಬೋ ಕಾಲ. ಪ್ರೊಫೆಸರುಗಳು, ಮನೆಯ ನಕ್ಷೆ ಬರೆಯುವವರು, ಅಮೆರಿಕದ ಡಾಕ್ಟರುಗಳು, ಎಲ್ಲರಿಗೂ ಯಾರ ಹಾಗೂ ಇಲ್ಲದ ಈ ಕಾರೇ ಬೇಕಾಯಿತು. ಆಗ ಯೋಸ್ತನ ಕೆಲಸ ಆ ಕೀ ಕೂರುವ ಬೀಗವನ್ನು ಕಾರಿನ ನೆಲಕ್ಕೆ ಜೋಡಿಸುವುದು. ಆ ಬೀಗಕ್ಕೊಂದು ಹಟವಿತ್ತು: ಗೇರನ್ನು ರಿವರ್ಸ್‌ಗೆ ಹಾಕದೆ ಕೀ ಬಿಟ್ಟುಕೊಡುತ್ತಿರಲಿಲ್ಲ. ಆದ್ದರಿಂದ ಈ ಊರಿನವರು ಎಲ್ಲೇ ಕಾರು ನಿಲ್ಲಿಸಲಿ, ಕಣ್ಣು ಮುಚ್ಚಿ ರಿವರ್ಸ್ ಹಾಕಿಯೇ ಇಳಿಯುವುದು. ಮಾಯ್ಕೆನ್‌ಳನ್ನು ಮೊದಲ ಸಲ ಕಾರಲ್ಲಿ ಕೂರಿಸಿಕೊಂಡು ಕಾಲುವೆಯ ದಂಡೆಗೆ ಹೋಗಿದ್ದಾಗ, ರಿವರ್ಸ್ ಹಾಕಿದವನು ಏನು ಮಾತಾಡಬೇಕೆಂದು ತೋಚದೆ, ಕ್ಲಚ್ ತುಳಿದು ಇಂಜಿನ್ ಚಾಲೂ ಇಟ್ಟುಕೊಂಡೇ ಕೂತಿದ್ದ. ಆ ದೇಶದಲ್ಲಿ ಸ್ಟೀರಿಂಗ್ ಎಡಕ್ಕೆ; ಅವನ ಬಲಕ್ಕೆ ಕೂತಿದ್ದ ಅವಳು ಸ್ವಲ್ಪ ಹೊತ್ತು ನೋಡಿ, ತನ್ನ ಎಡಗೈಯನ್ನು ಕೆಳಗೆ ಚಾಚಿ, ಕೀ ತಿರುಗಿಸಿ, ಹೊರಗೆಳೆದು ಅವನ ಜೇಬಿಗೆ ಹಾಕಿದಳು. “ಸೀಟು ನಂದು, ಕೀ ನಿಂದು. ಈಗ ಮಾತಾಡು” ಎಂದಳು. ಅಂದಿನಿಂದ ಅದೇ ಪದ್ಧತಿಯಾಯಿತು. ಅವನು ಓಡಿಸುವುದು, ರಿವರ್ಸ್ ಹಾಕುವುದು; ಅವಳು ಕೀ ತೆಗೆಯುವುದು. ಮಕ್ಕಳಾದ ಮೇಲೂ, ಜಗಳವಾಡಿದ ದಿನವೂ. ಜಗಳವಾಡಿದ ದಿನ ಕೀಯನ್ನು ಅವನ ಜೇಬಿಗಲ್ಲ, ತನ್ನ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು.

ಊಟವಾದ ಮೇಲೆ, ಬಿಸಿಲು ಚೆನ್ನಾಗಿದೆ, ಚರ್ಚಿನವರೆಗೆ ನಡೆದುಕೊಂಡು ಹೋಗೋಣ ಎಂದ. ಅವಳು ಅವನ ಮುಖವನ್ನೊಮ್ಮೆ ನೋಡಿ ಕೋಲು ತೆಗೆದುಕೊಂಡಳು. ಅಕ್ಟೋಬರಿನ ಎಲೆಗಳು ಕಾಲುದಾರಿಯ ಮೇಲೆ ಒದ್ದೆಯಾಗಿ ಅಂಟಿಕೊಂಡಿದ್ದವು. ಅವಳ ಎಡಗಾಲು ಪ್ರತಿ ಹೆಜ್ಜೆಗೂ ಒಂದಿಷ್ಟು ಎಲೆಗಳನ್ನು ಎಳೆದುಕೊಂಡು ಬರುತ್ತಿತ್ತು. ಯಾಕೆ ಇವಳನ್ನು ಇಷ್ಟು ದೂರ ನಡೆಸುತ್ತಿದ್ದೇನೆ? ಯಾರ ಕಣ್ಣಿಗೆ ಹೆದರಿ? ಅರ್ಧ ದಾರಿಯಲ್ಲಿ ಅವಳು ಬೇಲಿ ಹಿಡಿದು ನಿಂತಳು. ಹಣೆಯ ಮೇಲೆ ಬೆವರು. ಅವನಿಗೆ ಆ ಡಿಸೆಂಬರಿನ ಸೋಮವಾರ ನೆನಪಾಯಿತು. ಕ್ರಿಸ್ಮಸ್ಸಿಗೆ ಇನ್ನು ಒಂದು ವಾರವೂ ಇಲ್ಲ, ಕಾರ್ಖಾನೆ ದಿವಾಳಿಯೆಂದು ರೇಡಿಯೋದಲ್ಲಿ ಬಂತು. ಒಬ್ಬ ಯಜಮಾನನಿಂದ ಇನ್ನೊಬ್ಬನಿಗೆ, ಅವನಿಂದ ಮತ್ತೊಬ್ಬನಿಗೆ ಕೈ ಬದಲಾಗಿ ಸವೆದುಹೋಗಿದ್ದ ಕಾರ್ಖಾನೆ. ತಿಂಗಳುಗಟ್ಟಲೆ ನಿಂತೇ ಇದ್ದ ಜೋಡಣೆಯ ಸಾಲಿನಲ್ಲಿ ಅರ್ಧ ಕಟ್ಟಿದ ಕಾರುಗಳು ಹಾಗೇ ಇದ್ದವು. ಅಂದು ಎಲ್ಲಿಗೆಂದಿಲ್ಲದೆ ಇಬ್ಬರೂ ಕಾರ್ಖಾನೆಯ ಗೇಟಿನವರೆಗೆ ಹೋಗಿ, ಅಲ್ಲಿ ನಿಂತಿದ್ದವರ ಜೊತೆ ನಿಂತು, ಮನೆಗೆ ಬಂದರು. ಅಂಗಳಕ್ಕೆ ಬಂದು ರಿವರ್ಸ್ ಹಾಕಿದ. ಇಂಜಿನ್ ನಿಲ್ಲಿಸಲು ಅವನಿಗಾಗಲಿಲ್ಲ. ನಿಲ್ಲಿಸಿದರೆ ಎಲ್ಲವೂ ನಿಂತುಹೋಗುತ್ತದೆ ಎಂಬ ಹುಚ್ಚು ಯೋಚನೆ. ಕ್ಲಚ್ ತುಳಿದುಕೊಂಡೇ ಕೂತ. ಆಗಲೂ ಆ ಎಡಗೈ ಕೆಳಗೆ ಬಂದು ಕೀ ತಿರುಗಿಸಿತು, ಹೊರಗೆಳೆದು ಅವನ ಜೇಬಿಗೆ ಹಾಕಿ, ಜೇಬಿನ ಮೇಲೆ ಮೆಲ್ಲಗೆ ತಟ್ಟಿತು. ಅವತ್ತು ಅವನು ಅತ್ತಿದ್ದ. ಅದನ್ನು ನೋಡಿದ್ದು ಆ ಕೈ ಒಂದೇ ಎಂದು ಅವನ ನಂಬಿಕೆ, ಯಾಕೆಂದರೆ ಮಾಯ್ಕೆನ್ ಕಿಟಕಿಯಾಚೆ ನೋಡುತ್ತಿದ್ದಳು.

ಬರ್ಚ್ ಮರಗಳ ಹಿಂದಿನ ಬಿಳಿ ಕಾರನ್ನು ಕಂಡು ಅವಳು ಯಾರದೆಂದು ಕೇಳಿದಳು. ನಮ್ಮದು ಎಂದ. ಅವಳು ಕಾರಿನ ಮೂತಿ ನೋಡಿದಳು, ಗೋಥೆನ್‌ಬರ್ಗಿನ ಗುರುತಾದ ಆ ಓರೆ ಗೆರೆ ನೋಡಿದಳು, ಆಮೇಲೆ ತಾನು ಎಲೆ ಎಳೆದುಕೊಂಡು ಬಂದ ದಾರಿಯನ್ನು ನೋಡಿದಳು.

“ಅದಕ್ಕೇ ಇಷ್ಟು ದೂರ ನಡೆಸಿದ್ಯಾ?”

ಅವನು ಬಾಗಿಲು ತೆರೆದು ಹಿಡಿದ. ಅವಳು ಹಿಂದೆ ತಿರುಗಿ, ಸೀಟಿನ ಅಂಚಿಗೆ ಒರಗಿ, ಯಾರ ಸಹಾಯವೂ ಇಲ್ಲದೆ ಕೂತಳು, ಕಾಲೆತ್ತಿ ಒಳಗಿಟ್ಟುಕೊಂಡಳು. ಅಷ್ಟು ಸಲೀಸಾಗಿ. ಅವನ ಕಣ್ಣು ತುಂಬಿತು. ಸರಿಯಾದದ್ದನ್ನೇ ಮಾಡಿದ್ದೇನೆ, ಸರಿಯಾದದ್ದಕ್ಕೆ ಯಾಕಿಷ್ಟು ನಾಚಿಕೆ ಎಂದುಕೊಂಡು ಬಂದು ತನ್ನ ಕಡೆ ಕೂತ. ಕೈ ತಾನಾಗಿಯೇ ಕೀ ಹಿಡಿದುಕೊಂಡು ಸೀಟುಗಳ ನಡುವೆ ಇಳಿಯಿತು, ತಡಕಾಡಿತು. ಅಲ್ಲಿ ಲೋಟ ಇಡುವ ಒಂದು ಗುಂಡಿ, ಅದರೊಳಗೆ ಮೇಷ್ಟ್ರು ಮರೆತ ಒಂದು ಪೆಪ್ಪರಮಿಂಟು. ಮಾಯ್ಕೆನ್ ನೋಡಿಯೂ ನೋಡದ ಹಾಗೆ ಕೂತಿದ್ದಳು. ಮುಖ ಬಿಸಿಯಾಗಿ, ಸ್ಟೀರಿಂಗ್ ಪಕ್ಕ ಹುಡುಕಿ ಕೀ ತುರುಕಿ, ಅವಸರದಲ್ಲಿ ಕ್ಲಚ್ ತುಳಿಯುವುದನ್ನೂ ಮರೆತು ತಿರುಗಿಸಿದ. ನಿನ್ನೆ ನಿಲ್ಲಿಸುವಾಗ, ಅಗತ್ಯವೇ ಇಲ್ಲದಿದ್ದರೂ, ನಲವತ್ತು ವರ್ಷ ಪಳಗಿದ ಕೈ ಗೇರನ್ನು ರಿವರ್ಸ್‌ಗೆ ಹಾಕಿಟ್ಟಿತ್ತು. ಕಾರು ಒದ್ದುಕೊಂಡು ಹಿಂದಕ್ಕೆ ನೆಗೆಯಿತು. ಬೇಲಿಯ ಕೊಂಬೆಗಳು ಮುರಿದ ಸದ್ದು, ಇನ್ನೊಂದು ನೆಗೆತ, ಆಮೇಲೆ ಇಂಜಿನ್ ತಾನೇ ಸತ್ತು ನಿಶ್ಶಬ್ದ.

ಆ ನಿಶ್ಶಬ್ದದಲ್ಲಿ ಇಬ್ಬರೂ ಒಂದೇ ಕಡೆ ನೋಡುತ್ತಿದ್ದರು. ಅವಳ ಎಡಗೈ ತೊಡೆಯ ಮೇಲಿರಲಿಲ್ಲ. ಅದು ಸೀಟುಗಳ ನಡುವೆ, ಲೋಟದ ಗುಂಡಿಯ ಮೇಲೆ ಬಿದ್ದಿತ್ತು. ನೆಗೆತಕ್ಕೆ ಜಾರಿ ಬಿದ್ದದ್ದಿರಬೇಕು ಎಂದು ಅವನು ಅಂದುಕೊಳ್ಳುವಷ್ಟರಲ್ಲಿ ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಮುಟ್ಟಲು ಹವಣಿಸಿ, ಇಲ್ಲದ ಒಂದು ಕೀಯನ್ನು ತುಸುವೇ ತಿರುಗಿಸಿದವು. ಮತ್ತೊಮ್ಮೆ. ಆಮೇಲೆ ಸುಸ್ತಾಗಿ ಸುಮ್ಮನಾದವು.

“ನಾನಲ್ಲ ಮಾಡಿದ್ದು” ಎಂದಳು ಮಾಯ್ಕೆನ್, ಬಹಳ ಸಣ್ಣ ದನಿಯಲ್ಲಿ. “ಅದೇ ಹೋಯ್ತು.”

ಯೋಸ್ತನಿಗೆ ಆ ಕೈಯನ್ನು ಮುಟ್ಟಲು ಭಯವಾಯಿತು, ತೋಟಕ್ಕೆ ಬಂದ ಹಕ್ಕಿಯನ್ನು ಮುಟ್ಟಲು ಭಯವಾಗುವ ಹಾಗೆ. ಅವಳೇ ಬಲಗೈಯಿಂದ ಅದನ್ನೆತ್ತಿ ಮಡಿಲಲ್ಲಿಟ್ಟುಕೊಂಡಳು. “ರಿವರ್ಸಲ್ಲಿ ನಿಲ್ಸಿದ್ಯಾ?” ಎಂದು ಕೇಳಿದಳು. ಅವನು ತಲೆಯಾಡಿಸಿದ. ಅವಳು ನಗತೊಡಗಿದಳು, ಏಪ್ರಿಲ್‌ನಿಂದೀಚೆಗೆ ಅವಳ ನಗು ಒಂದು ಕಡೆಗೆ ವಾಲುತ್ತಿತ್ತು, ಈಗ ಅದು ಎಲ್ಲ ಕಡೆಯೂ ಹರಡಿತು. ನಕ್ಕು ಮುಗಿಸಿ, ಹಳೇ ಕಾರು ಎಲ್ಲಿ ಎಂದಳು. ಶೆಡ್ಡಿನಲ್ಲಿದೆ, ಇವತ್ತು ತೌನೋ ಒಯ್ಯುತ್ತಾನೆ ಎಂದ.

ಬಿಳಿ ಕಾರನ್ನು ಅವನು ಊರಿನ ನಡುವೆಯೇ ಓಡಿಸಿಕೊಂಡು ಮನೆಗೆ ಬಂದ. ಯಾರು ನೋಡಿದರು, ಯಾರು ಬಿಟ್ಟರು, ಅವನಿಗೆ ತಿಳಿಯಲಿಲ್ಲ. ಗೇಟಿನ ಮುಂದೆ ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಇನ್ನು ಜನ್ಮದಲ್ಲಿ ಎಲ್ಲೂ ರಿವರ್ಸ್‌ನಲ್ಲಿ ನಿಲ್ಲಿಸುವುದಿಲ್ಲ ಎಂದು ಮಗ್ಗಿ ಕಂಠಪಾಠ ಮಾಡುವವನ ಹಾಗೆ ಬಾಯಲ್ಲೇ ಹೇಳಿಕೊಂಡ. ತೌನೋ ಕಾರು ಸಾಗಿಸುವ ಗಾಡಿಯೊಂದಿಗೆ ಆಗಲೇ ಬಂದು ನಿಂತಿದ್ದ. ಫಿನ್ಲೆಂಡಿನಿಂದ ಹುಡುಗನಾಗಿ ಕೆಲಸಕ್ಕೆ ಬಂದು, ಯೋಸ್ತನ ಪಕ್ಕದಲ್ಲೇ ಗೇರಿನ ಕಡ್ಡಿ ಕೂರಿಸುತ್ತ ಮುದುಕನಾದವನು. ಮಾತು ಕಡಿಮೆ, ಆಡಿದರೆ ಅದರಲ್ಲಿ ಮುಳ್ಳು. ಬಿಳಿ ಕಾರಿನ ಸುತ್ತ ಒಂದು ಸುತ್ತು ಬಂದು, ಹಿಂದಿನ ಬಂಪರಿಗೆ ಸಿಕ್ಕಿಕೊಂಡಿದ್ದ ಬೇಲಿಯ ಕೊಂಬೆಯನ್ನು ಬಿಡಿಸಿ ಕೈಯಲ್ಲಿ ಹಿಡಿದ.

“ಚೆನ್ನಾಗಿದೆ ಕಣೋ ಫ್ರಿಜ್ಜು. ಹಾಲು ಎಷ್ಟು ದಿನ ಕೆಡದೆ ಇರುತ್ತೆ?”

“ಹತ್ತೋಕೆ ಬಹಳ ಸುಖ, ತೌನೋ” ಎಂದಳು ಮಾಯ್ಕೆನ್ ಒಳಗಿನಿಂದ. ತೌನೋ ಅವಳಿರುವುದನ್ನು ಗಮನಿಸಿರಲಿಲ್ಲ. ಟೋಪಿ ತೆಗೆದು, ಕೊಂಬೆಯನ್ನು ಬೆನ್ನ ಹಿಂದೆ ಅಡಗಿಸಿ, ಸಣ್ಣ ಹುಡುಗನ ಹಾಗೆ ನಿಂತ. ಇವತ್ತು ಆಸ್ಪತ್ರೆಗೆ ಹಳೇದರಲ್ಲೇ ಹೋಗುತ್ತೇವೆ ಎಂದಳು ಅವಳು. ಯೋಸ್ತ ಬೇಡವೆಂದ. ಬಾಗಿಲಲ್ಲಿ ಇಳಿಸುವುದು ಹೇಗೆ, ಕಳೆದ ಸಲ ಆದದ್ದು ಮರೆತೆಯಾ, ನಾಳೆ ಬೇಕಾದರೆ ಅಂಗಳದಲ್ಲೇ ಕೂತು ಕೀ ತಿರುಗಿಸಿ ನೋಡೋಣ ಎಂದ.

“ಎತ್ತೋರು ಯಾರಾದ್ರೂ ಇರ್ತಾರೆ. ಎತ್ತಿಸ್ಕೊಳ್ಳೋದು ನಂಗೆ ಅಭ್ಯಾಸ ಆಯ್ತು, ಯೋಸ್ತ. ನಿಂಗೇ ಇನ್ನೂ ಆಗಿಲ್ಲ.”

ಮಾತು ಅವನಿಗೆ ನೇರವಾಗಿ ತಾಗಿತು. ಶೂ ಹಿಡಿದುಕೊಂಡು ನೆಲ ನೋಡುತ್ತ ನಿಂತಿದ್ದವನನ್ನು ಅವಳು ಅವತ್ತು ನೋಡಿದ್ದಳು, ಕಂಕುಳಿಗೆ ಕೈಹಾಕಿದ ಪರರ ನಡುವಿನಿಂದಲೂ ನೋಡಿದ್ದಳು. ಅವಳಿಗಾಗಿ ಎಂದು ಅವನು ಕೊಂಡ ಕಾರಿನಲ್ಲಿ ಅವನ ಮಾನಕ್ಕಾಗಿ ಕೊಂಡದ್ದೆಷ್ಟು? ಅವನ ಈ ನಾಚಿಕೆ ತಿಳಿದೂ ಅವಳು ಬೆವರು ಸುರಿಸಿ ಚರ್ಚಿನವರೆಗೆ ನಡೆದು ಬಂದಿದ್ದಳು. ತೌನೋ ಶೆಡ್ಡಿನಿಂದ ಹಳೆಯ ಕಾರನ್ನು ಹೊರಗೆ ತಂದ. ಇಬ್ಬರೂ ಸೇರಿ ಅವಳನ್ನು ಆ ತಗ್ಗು ಸೀಟಿಗೆ ಇಳಿಸಿದರು. “ಹೋಗಿ ಬನ್ನಿ. ನಾನು ಕಾಫಿ ಇಟ್ಕೊಂಡು ಕೂತಿರ್ತೀನಿ. ಆಮೇಲೆ ತಗೊಂಡು ಹೋಗ್ತೀನಿ” ಎಂದ ತೌನೋ.

ದಾರಿಯಲ್ಲಿ ಎದುರಿಗೆ ಬಂದ ಇನ್ನೊಂದು ಹಳೆಯ ಸಾಬ್ ಪದ್ಧತಿಯಂತೆ ದೀಪ ಮಿಟುಕಿಸಿತು. ಯೋಸ್ತನೂ ಮಿಟುಕಿಸಿದ. ಸಾಲುಗಟ್ಟಿ ಹೋಗುತ್ತಿದ್ದ ಕಾಲದಲ್ಲಿ ಯಾರೂ ಹೀಗೆ ಮಾಡುತ್ತಿರಲಿಲ್ಲ. ವಿರಳವಾದ ಮೇಲೆ ಶುರುವಾದ ಪ್ರೀತಿ. ಆಸ್ಪತ್ರೆಯ ಬಾಗಿಲ ಮುಂದೆ ನಿಲ್ಲಿಸಿ, ಗೇರು ಬಿಡಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೈಗಳನ್ನು ಸ್ಟೀರಿಂಗ್ ಮೇಲಿಟ್ಟು ಕೂತ. ಇಂಜಿನ್ ಓಡುತ್ತಿತ್ತು. ಮಾಯ್ಕೆನ್ ಕಿಟಕಿಯಾಚೆ ನೋಡತೊಡಗಿದಳು. ತಾನು ನೋಡಿದರೆ ನೆಂಟನಿಗೆ ಸಂಕೋಚ ಎಂಬಂತೆ. ಎಷ್ಟೋ ಹೊತ್ತು ಏನೂ ಆಗಲಿಲ್ಲ. ಹಿಂದೆ ಒಂದು ಟ್ಯಾಕ್ಸಿ ಬಂದು ನಿಂತಿತು. ತಡವಾದದ್ದಕ್ಕೆ ಹುಡುಕಿಕೊಂಡು ಬಂದ ಶಿಲಾನ್ ಬಿಳಿಯ ಅಂಗಿಯಲ್ಲಿ ಹೊರಗೆ ಬಂದವಳು ಒಳಗಿನ ಇಬ್ಬರ ಮುಖ ನೋಡಿ, ಬಾಗಿಲು ತೆರೆಯದೆ ಗಾಜಿನಾಚೆ ನಿಂತಳು. ಆಗ ಎಡಗೈ ಕದಲಿತು. ತೊಡೆಯಿಂದ ಜಾರಿ, ಸೀಟಿನ ಹೊಲಿಗೆಯ ಅಂಚನ್ನು ಹಿಡಿದುಕೊಂಡು ಕೆಳಗಿಳಿದು, ಕೀಯ ಮೇಲೆ ಬಿತ್ತು. ಬೆರಳುಗಳು ಅದನ್ನು ಗುರುತು ಹಿಡಿದವು. ಅಷ್ಟೇ ಸಾಕು ಎಂದುಕೊಂಡ ಯೋಸ್ತ. ಕೀ ನಿಧಾನವಾಗಿ ತಿರುಗಿತು; ಇಂಜಿನ್ ನಿಂತಿತು. ಶಿಲಾನ್ ಅಂಗೈಯನ್ನು ಬಾಯಿಗೆ ಒತ್ತಿಕೊಂಡಳು.

ಆದರೆ ಕೈ ಅಲ್ಲಿಗೇ ನಿಲ್ಲಲಿಲ್ಲ. ಅದಕ್ಕೆ ಕೀ ಹೊರಗೆ ಬೇಕಿತ್ತು. ಎಳೆಯಿತು, ಬರಲಿಲ್ಲ. ಮತ್ತೆ ಎಳೆಯಿತು. ಗೆಣ್ಣುಗಳು ಬೆಳ್ಳಗಾದವು. ಬಲವಿಲ್ಲ, ಪಾಪ, ಎಲ್ಲಿಂದ ಬರಬೇಕು ಬಲ ಎಂದುಕೊಂಡ ಅವನು. ಅವಳ ಕತ್ತಿನ ಮೇಲೆ ಬೆವರೊಡೆದಿತ್ತು. ಹಿಂದಿನ ಟ್ಯಾಕ್ಸಿ ಒಮ್ಮೆ ಸಣ್ಣಗೆ ಹಾರ್ನ್ ಮಾಡಿತು. “ಸಾಕು, ಮಾಯ್ಕೆನ್. ಇಷ್ಟು ಬಂತಲ್ಲ, ಸಾಕು ಬಿಡು. ಉಳಿದದ್ದು ನಾನು ತೆಗೀತೀನಿ” ಎಂದ. ಅವಳು ಬಿಡಲಿಲ್ಲ. ಕಿಟಕಿಯಾಚೆಯಿಂದ ಮುಖ ತಿರುಗಿಸಿ, ಅವನನ್ನಲ್ಲ, ಅವನ ಮೊಣಕಾಲಿನ ಪಕ್ಕವನ್ನು ನೋಡಿದಳು.

“ಗೇರು ನೋಡು, ಯೋಸ್ತ.”

ನೋಡಿದ. ನ್ಯೂಟ್ರಲ್. ಜೀವಮಾನವೆಲ್ಲ ಆ ಬೀಗವನ್ನು ಜೋಡಿಸಿದವನು, ಅದರ ಹಟವನ್ನು ಮೈಗೂಡಿಸಿಕೊಂಡವನು, ಇವತ್ತೊಂದು ಮಧ್ಯಾಹ್ನ ಕಲಿತ ಹೊಸ ಪಾಠಕ್ಕೆ ಅದನ್ನು ಮರೆತು ಕೂತಿದ್ದ. ಕೈ ಸೋತಿರಲಿಲ್ಲ. ಅವನೇ ಅದನ್ನು ಕಟ್ಟಿಹಾಕಿದ್ದ. ಕ್ಲಚ್ ತುಳಿದು ಗೇರನ್ನು ರಿವರ್ಸ್‌ಗೆ ದೂಡಿದ. ಕೆಳಗೆ ಆ ಹಳೆಯ ಪರಿಚಯದ ಸದ್ದಾಯಿತು. ಕೀ ಇನ್ನೊಂದಿಷ್ಟು ತಿರುಗಿ, ಹೊರಗೆ ಬಂತು.

ಶಿಲಾನ್ ಬಾಗಿಲು ತೆರೆದು ಮಂಡಿಯೂರಿ ಕೂತಳು. ಟ್ಯಾಕ್ಸಿಯವನೂ ಇಳಿದು ಬಂದು, ಎತ್ತಬೇಕೇ ಎಂದು ಕೇಳಿದ. ಎತ್ತೋಣ, ಸ್ವಲ್ಪ ತಡೆಯಿರಿ ಎಂದ ಯೋಸ್ತ, ಈ ಸಲ ನೆಲ ನೋಡದೆ. ಅಂಗೈ ಚಾಚಿ ಕೀಗಾಗಿ ಕಾದ. ಮಾಯ್ಕೆನ್‌ಳ ಎಡಗೈ ಅವನ ಅಂಗೈಯವರೆಗೆ ಬಂದು ಅದರ ಮೇಲೆ ಕೂತಿತು. ಆದರೆ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ಅವಳು ಪ್ರಯತ್ನಿಸಿದಳು. “ಹಿಡಿಯೋದು ಮೊದಲು ಬರುತ್ತೆ, ಬಿಡೋದು ಆಮೇಲೆ, ಅದಕ್ಕೆ ಇನ್ನೂ ತುಂಬ ತಿಂಗಳು ಕೆಲಸ ಮಾಡಬೇಕು ನಾವು” ಎಂದಳು ಶಿಲಾನ್. ಮುಷ್ಟಿ ಕೀಯ ಸುತ್ತ ಬಿಗಿಯಾಗಿ ಮುಚ್ಚಿಕೊಂಡು, ಬೆಚ್ಚಗೆ, ಯೋಸ್ತನ ಕೈಯೊಳಗೆ ಇತ್ತು.

“ತೌನೋಗೆ ಫೋನ್ ಮಾಡು” ಎಂದಳು ಮಾಯ್ಕೆನ್. “ಕಾಫಿ ಕುಡಿದು ಹೋಗು ಅಂತ ಹೇಳು. ನೆಂಟ ಕೀ ಕೊಡ್ತಿಲ್ಲ.”